ನೂರಿಪ್ಪತ್ತು ಮುದ್ದೆ, ವ್ಯತ್ಯಾಸ ಸೊನ್ನೆ

ಬೀಗರ ಊಟದಲ್ಲಿ ರಾಗಿಮುದ್ದೆಯನ್ನು ತೂಕ ಮಾಡಿ ಬಡಿಸಬೇಕೆಂಬ ವಿಚಾರ ಈ ಭೂಮಿಯ ಮೇಲೆ ಮೊದಲು ಹೊಳೆದದ್ದು ನನಗೇ ಇರಬೇಕು. ಇನ್ನು ಯಾರಿಗೂ ಹೊಳೆಯದಿರಲಿ ಎಂದು ಹಾರೈಸುವವರು ನಾಯಂಡಹಳ್ಳಿಯಲ್ಲಿ ಇಂದಿಗೂ ಇದ್ದಾರೆ.

ಎಪ್ಪತ್ತರ ದಶಕದ ಮಾತು. ರಾಜಾಜಿನಗರದ ಒಂದು ಬೋಲ್ಟು ನಟ್ಟಿನ ಕಾರ್ಖಾನೆಯಲ್ಲಿ ನಾನು ತಪಾಸಣೆ ವಿಭಾಗದಲ್ಲಿದ್ದೆ. ಕಾರ್ಖಾನೆಯವರು ನನ್ನನ್ನೂ ನನ್ನ ಜೊತೆಯ ನಂಜುಂಡನನ್ನೂ ಶನಿವಾರ ಶನಿವಾರ ಒಂದು ತರಬೇತಿಗೆ ಕಳಿಸಿದರು. ಅಲ್ಲಿ ಹೇಳಿಕೊಟ್ಟದ್ದರ ಸಾರಾಂಶ ಇಷ್ಟು: ಸರಾಸರಿಯೊಂದನ್ನೇ ನಂಬಬೇಡಿ. ಸರಾಸರಿ ಸರಿಯಾಗಿದ್ದರೂ ಒಂದು ಬೋಲ್ಟು ದಪ್ಪ, ಇನ್ನೊಂದು ಸಣ್ಣ ಇರಬಹುದು. ಮಾಲು ಸರಾಸರಿಯ ಸುತ್ತ ಎಷ್ಟು ಚೆದುರಿದೆ ಎಂಬುದನ್ನೂ ಅಳೆಯಬೇಕು. ಅದಕ್ಕೆ ಮೂರು ನಾಲ್ಕು ವಿಧಾನಗಳಿವೆ. ಯಾವ ಸಂದರ್ಭಕ್ಕೆ ಯಾವುದು ಎಂದು ಆರಿಸಿಕೊಳ್ಳುವುದರಲ್ಲೇ ಜಾಣತನ ಇರುವುದು.

ಜಾಣತನಕ್ಕೆ ನನ್ನಲ್ಲಿ ಯಾವತ್ತೂ ಬರವಿರಲಿಲ್ಲ. ತರಬೇತಿ ಮುಗಿದ ಮೇಲೆ ನಾನು ತಯಾರಿಸಿದ ಚಾರ್ಟಿನಲ್ಲಿ ವಾರವಾರವೂ ವ್ಯತ್ಯಾಸ ಸೊನ್ನೆ. ಮ್ಯಾನೇಜರು ಸಂತೋಷಪಟ್ಟು ಅದನ್ನು ಗೇಟಿನ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಹಾಕಿಸಿದ್ದರು. ಆ ಬೋಲ್ಟುಗಳಲ್ಲಿ ಅರ್ಧಕ್ಕರ್ಧ ನಟ್ಟಿನೊಳಗೆ ಹೋಗುತ್ತಿರಲಿಲ್ಲ ಎಂಬುದು ನಿಜ. ಆದರೆ ಅದು ನಟ್ಟಿನ ವಿಭಾಗದವರ ಸಮಸ್ಯೆ ಎಂದು ನಾವು ತೀರ್ಮಾನಿಸಿದ್ದೆವು.

ಹೀಗೆ ನನ್ನ ಕೀರ್ತಿ ಗೇಟಿನಲ್ಲಿ ನೇತಾಡುತ್ತಿದ್ದ ಕಾಲದಲ್ಲೇ ನನ್ನ ಹೆಂಡತಿ ಸಾವಿತ್ರಿಯ ತಂಗಿ ಲಲಿತಾಳ ಮದುವೆಯಾಯಿತು. ಗಂಡಿನವರು ಮಾಗಡಿ ಕಡೆಯವರು. ಮದುವೆ ಚೆನ್ನಾಗಿಯೇ ಮುಗಿಯಿತು. ಉಳಿದದ್ದು ನಾಯಂಡಹಳ್ಳಿಯ ಮಾವನ ಮನೆಯಲ್ಲಿ ಬೀಗರ ಊಟ. ನಮ್ಮವರಲ್ಲಿ ತಾಳಿ ಕಟ್ಟುವುದು ಸುಲಭ, ಬೀಗರ ಊಟ ಕಷ್ಟ. ಮಾಂಸದ ಸಾರು, ಮುದ್ದೆ. ಸಾರಿನಲ್ಲಿ ಉಪ್ಪು ಕಡಿಮೆಯಾದರೆ ಕ್ಷಮೆಯುಂಟು. ಒಂದು ಎಲೆಯ ಮೇಲೆ ದೊಡ್ಡ ಮುದ್ದೆ, ಪಕ್ಕದ ಎಲೆಯ ಮೇಲೆ ಸಣ್ಣ ಮುದ್ದೆ ಬಿದ್ದರೆ ಮಾತ್ರ ಎರಡು ತಲೆಮಾರು ಮಾತಾಡಿಕೊಳ್ಳುತ್ತದೆ.

ಇದು ನನಗೆ ಚೆನ್ನಾಗಿ ಗೊತ್ತಿತ್ತು. ಏಕೆಂದರೆ ಹನ್ನೊಂದು ವರ್ಷದ ಹಿಂದೆ ನನ್ನದೇ ಮದುವೆಯ ಬೀಗರ ಊಟದಲ್ಲಿ, ಇದೇ ಅಂಗಳದಲ್ಲಿ, ನನ್ನ ಲಗ್ಗೆರೆಯ ದೊಡ್ಡಪ್ಪ ತಮ್ಮ ಮುದ್ದೆ ಪಕ್ಕದವನ ಮುದ್ದೆಗಿಂತ ಸಣ್ಣದೆಂದು ಎಲೆ ಬಿಟ್ಟು ಎದ್ದಿದ್ದರು. ಅಂದಿನಿಂದ ನಮ್ಮ ಮನೆಗೆ ಬಂದಾಗಲೆಲ್ಲ ಸಾವಿತ್ರಿಯನ್ನು ನೋಡಿ, "ನಿಮ್ಮಪ್ಪನ ಮನೇಲಿ ಈಗ್ಲೂ ಗೋಲಿ ಗಾತ್ರದ ಮುದ್ದೆ ಕಟ್ತಾರೇನವ್ವಾ?" ಎಂದು ಕೇಳದೆ ಹೋದವರಲ್ಲ.

ಊಟಕ್ಕೆ ಒಂದು ವಾರ ಇರುವಾಗ ಮಾವ ಬೈರೇಗೌಡರು ನಮ್ಮ ಮನೆಗೆ ಬಂದು ಕಾಫಿ ಲೋಟ ಹಿಡಿದು ನಿಟ್ಟುಸಿರು ಬಿಟ್ಟರು.

"ನೂರಿಪ್ಪತ್ತು ಜನ ಅಳಿಯಂದ್ರೇ. ಬೀಗರು ತಿಮ್ಮೇಗೌಡರು ಮೇಷ್ಟ್ರಾಗಿದ್ದೋರು, ತಪ್ಪು ಕಂಡ್ರೆ ಬಿಡೋರಲ್ಲ. ಮುದ್ದೆ ಒಂದು ಸಮ ಬಂದ್ರೆ ಸಾಕು. ದೇವರ ಮೇಲೆ ಭಾರ ಹಾಕಿದೀನಿ."

"ದೇವರ ಮೇಲೆ ಯಾಕೆ ಮಾವ? ನನ್ನ ಮೇಲೆ ಹಾಕಿ" ಎಂದೆ.

ಮಾವ ಹೋದ ಮೇಲೆ ಸಾವಿತ್ರಿ ಬಾಗಿಲಲ್ಲೇ ನಿಂತಳು. "ನೋಡಿ, ತಮಾಷೆ ಮಾಡ್ಬೇಡಿ. ಹನ್ನೊಂದು ವರ್ಷ ಆ ಗೋಲಿ ಮಾತು ನಾನು ಕೇಳಿದೀನಿ. ಲಲಿತಂಗೆ ಅದು ಬರಬಾರದು. ಅವಳು ಆ ಮನೇಲಿ ಬಾಳ್ಬೇಕು."

ಅವಳ ದನಿ ಕೇಳಿ ನನಗೆ ನಿಜವಾಗಿ ಮನಸ್ಸು ಕಲಕಿತು. ಅಂದೇ ನಿರ್ಧರಿಸಿದೆ. ಈ ಕುಟುಂಬದ ಮಾನವನ್ನು ಸಂಖ್ಯಾಶಾಸ್ತ್ರದಿಂದ ಕಾಪಾಡತಕ್ಕದ್ದು!

ಮೊದಲು ಮನೆಯಲ್ಲಿ ಒಂದು ತಾಲೀಮು. ಬೀದಿ ತುದಿಯ ಶೆಟ್ಟರ ಅಂಗಡಿಯಿಂದ ತಕ್ಕಡಿ, ತೂಕದ ಬಟ್ಟು ತಂದು ಅಡುಗೆಮನೆಯಲ್ಲಿ ಸ್ಥಾಪಿಸಿದೆ. ಮನೆಯಲ್ಲಿ ಐದು ಜನ: ನಾನು, ಸಾವಿತ್ರಿ, ಅಮ್ಮ, ಇಬ್ಬರು ಹೆಣ್ಣುಮಕ್ಕಳು. ಐದು ಮುದ್ದೆ. ಬಿಸಿ ಮುದ್ದೆಗಳನ್ನು ಒಂದೊಂದಾಗಿ ತೂಗಿ ನೋಟ್‌ಬುಕ್ಕಿನಲ್ಲಿ ಬರೆದೆ. ಮುನ್ನೂರೈವತ್ತು, ಮುನ್ನೂರಿಪ್ಪತ್ತು, ಮುನ್ನೂರು, ಇನ್ನೂರೆಂಬತ್ತು, ನೂರೈವತ್ತು ಗ್ರಾಂ. ಸರಾಸರಿ ಇನ್ನೂರೆಂಬತ್ತು.

ಈಗ ಚೆದುರಿಕೆಗೆ ಅಳತೆ ಆರಿಸಬೇಕು. ಅತಿ ಸುಲಭವಾದದ್ದು ವ್ಯಾಪ್ತಿ: ಅತಿ ದೊಡ್ಡದರಿಂದ ಅತಿ ಸಣ್ಣದನ್ನು ಕಳೆಯುವುದು. ಕಳೆದೆ. ಇನ್ನೂರು ಗ್ರಾಂ ಬಂತು. ಗಾಬರಿಯಾಯಿತು.

"ಇದು ಸರಿಹೋಗಲ್ಲ" ಎಂದೆ. "ಈ ನೂರೈವತ್ತರದ್ದು ಸಣ್ಣ ಮಗಳದ್ದು. ಒಂದು ಮಗುವಿನ ಮುದ್ದೆಯಿಂದ ಇಡೀ ಮನೆಗೆ ಕೆಟ್ಟ ಹೆಸರು."

"ಅದು ಮಗುವಿನದಲ್ಲ, ನಂದು" ಎಂದಳು ಸಾವಿತ್ರಿ. "ಕೊನೇಲಿ ತಳದಲ್ಲಿ ಉಳಿದಿದ್ದು. ಮುನ್ನೂರೈವತ್ತರದ್ದು ನಿಮ್ಮದು."

ನಾನು ಆ ಮಾಹಿತಿಯನ್ನು ಅಪ್ರಸ್ತುತವೆಂದು ಬಿಟ್ಟು ಮುಂದಿನ ಅಳತೆಗೆ ಹೋದೆ. ಅದು ಚತುರ್ಥಕದ್ದು. "ಇದು ಬಹಳ ಚೆನ್ನಾಗಿದೆ. ಮುದ್ದೆಗಳನ್ನೆಲ್ಲ ಗಾತ್ರದ ಪ್ರಕಾರ ಸಾಲಾಗಿಟ್ಟು, ಮೇಲಿನ ಕಾಲು ಭಾಗ, ಕೆಳಗಿನ ಕಾಲು ಭಾಗ ಲೆಕ್ಕಕ್ಕೆ ಬಿಟ್ಟುಬಿಡೋದು. ಮಧ್ಯದ್ದು ಮಾತ್ರ ನೋಡೋದು. ಎಷ್ಟು ಸಮ ಬರುತ್ತೆ ನೋಡು."

"ಬಿಟ್ಟ ಮುದ್ದೆ ತಿನ್ನೋರು ಮನುಷ್ಯರಲ್ವಾ?"

"ಲೆಕ್ಕದಲ್ಲಿ ಅಲ್ಲ."

"ತಿಮ್ಮೇಗೌಡರ ಎಲೆಗೆ ಆ ಬಿಟ್ಟಿದ್ದೇ ಬಂದ್ರೆ?"

ಇದು ವಿಚಾರ ಮಾಡಬೇಕಾದ ಪ್ರಶ್ನೆಯೇ. ಹಾಗಾಗಿ ಅದನ್ನೂ ಬಿಟ್ಟು ಎಲ್ಲಕ್ಕಿಂತ ಘನವಾದ ಅಳತೆಗೆ ಕೈ ಹಾಕಿದೆ: ಮಾನಕ ವಿಚಲನೆ. ಪ್ರತಿ ಮುದ್ದೆಯೂ ಸರಾಸರಿಯಿಂದ ಎಷ್ಟು ದೂರ ಎಂದು ನೋಡುವ ವಿಧಾನ. ಇದರಲ್ಲಿ ಒಂದು ಸಣ್ಣ ತೊಡಕಿತ್ತು. ಅದನ್ನು ಪಾಠ ಮಾಡಿದ ಶನಿವಾರ ನಾನು ಇದೇ ಲಲಿತಾಳ ನಿಶ್ಚಿತಾರ್ಥಕ್ಕೆ ಹೋಗಿದ್ದೆ. ಆಮೇಲೆ ನಂಜುಂಡನ ಪುಸ್ತಕದಿಂದ ನಕಲು ಮಾಡಿಕೊಂಡಿದ್ದೆ. ನಂಜುಂಡ ಊಟವಾದ ಮೇಲಿನ ಪಾಠದಲ್ಲಿ ಎಚ್ಚರವಾಗಿರುವ ಮನುಷ್ಯನಲ್ಲ. ಅವನ ಪುಸ್ತಕದಲ್ಲಿ, "ಪ್ರತಿಯೊಂದರಿಂದ ಸರಾಸರಿಯನ್ನು ಕಳೆಯಿರಿ. ಬಂದ ವ್ಯತ್ಯಾಸಗಳನ್ನು" ಎಂದಿದ್ದು, ಅಲ್ಲಿಂದ ಪೆನ್ನು ಕೆಳಗಿಳಿದು ಪುಟದಾಚೆ ಹೋಗಿತ್ತು. ವಾಕ್ಯವನ್ನು ನಾನೇ ಪೂರ್ತಿ ಮಾಡಿದ್ದೆ: "ಕೂಡಿಸಿ."

ಕೂಡಿಸಿದೆ. ನನ್ನ ಮುದ್ದೆ ಪ್ಲಸ್ ಎಪ್ಪತ್ತು. ಅಮ್ಮನದು ಪ್ಲಸ್ ನಲವತ್ತು. ದೊಡ್ಡ ಮಗಳದು ಪ್ಲಸ್ ಇಪ್ಪತ್ತು. ಚಿಕ್ಕವಳದು ಸರಾಸರಿಗೆ ಸರಿಯಾಗಿ ಸೊನ್ನೆ. ಸಾವಿತ್ರಿಯದು ಮೈನಸ್ ನೂರಮೂವತ್ತು. ಒಟ್ಟು?

ಸೊನ್ನೆ!

"ಸಾವಿತ್ರಿ! ನಿನ್ನ ಕೈ ಕೈಯಲ್ಲ ಕಣೇ, ಯಂತ್ರ. ವ್ಯತ್ಯಾಸ ಸೊನ್ನೆ. ನಮ್ಮ ಬೋಲ್ಟಿಗೂ ನಿನ್ನ ಮುದ್ದೆಗೂ ಒಂದೇ ಫಲಿತಾಂಶ."

ಅವಳು ಐದು ತಟ್ಟೆಗಳ ಕಡೆ ನೋಡಿದಳು. "ಸೊನ್ನೆ ಅಂದ್ರೆ ಎಲ್ಲಾ ಒಂದೇ ಸಮ ಅಂತ ಅಲ್ವಾ?"

"ಶಾಸ್ತ್ರ ಹಾಗೇ ಹೇಳುತ್ತೆ."

"ಕಣ್ಣು ಬೇರೆ ಹೇಳ್ತಿದೆಯಲ್ಲ ರೀ."

"ಕಣ್ಣನ್ನ ನಂಬೋ ಹಾಗಿದ್ದಿದ್ರೆ ನನಗ್ಯಾಕೆ ಸಂಬಳ ಕೊಡ್ತಿದ್ರು?" ಎಂದು ಕೇಳಿ ಪ್ಲಸ್ ಎಪ್ಪತ್ತನ್ನು ಸಾರಿನಲ್ಲಿ ಅದ್ದಿಕೊಂಡು ನೆಮ್ಮದಿಯಿಂದ ತಿಂದೆ.

ಬೀಗರ ಊಟದ ದಿನ ಬೆಳಿಗ್ಗೆ ತಕ್ಕಡಿ, ಬಟ್ಟಿನ ಚೀಲ, ಕಾರ್ಖಾನೆಯಲ್ಲಿ ಪಾಸಾದ ಮಾಲಿಗೆ ಕಟ್ಟುವ ಹಸಿರು ಚೀಟಿಗಳು, ಇಷ್ಟನ್ನೂ ಹೊತ್ತು ಎರಡು ಬಸ್ಸು ಬದಲಾಯಿಸಿ ನಾಯಂಡಹಳ್ಳಿಯಲ್ಲಿ ಇಳಿದೆ. ಹಿತ್ತಲಲ್ಲಿ ಮೂರು ಒಲೆ ಹೂಡಿ ಎಸರಿಟ್ಟಿದ್ದರು. ಮಾವನ ಅಕ್ಕ ಚಿಕ್ಕತಾಯಮ್ಮನವರು ಸೆರಗು ಕಟ್ಟಿ ಮುದ್ದೆ ಕೋಲು ಹಿಡಿದು ನಿಂತಿದ್ದರು. ಅವರ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಹಿಟ್ಟು ತೊಳಸುವುದು ಅವರು, ಕಟ್ಟುವುದು ಬಹುಪಾಲು ಅವರು. ಬೇರೆಯವರು ಕಟ್ಟಿದ ಮುದ್ದೆಗಳ ಮೇಲೂ ಒಮ್ಮೆ ಕಣ್ಣಾಡಿಸಿ, ದೊಡ್ಡದರಿಂದ ಒಂದು ಚೂರು ಚಿವುಟಿ, ಸಣ್ಣದಕ್ಕೆ ಒಂದು ಚೂರು ಮೆತ್ತಿ, ಒದ್ದೆ ಕೈಯಲ್ಲಿ ಸವರಿ ಕಳಿಸುತ್ತಿದ್ದರು. ನಲವತ್ತು ವರ್ಷದಲ್ಲಿ ಒಂದೇ ಒಂದು ಸಲ ಅವರು ಜ್ವರ ಬಂದು ಮಲಗಿದ್ದರು. ಅದು ನನ್ನ ಮದುವೆಯ ಬೀಗರ ಊಟದ ದಿನ.

"ಅಮ್ಮಾ, ನೀವು ಇವತ್ತು ಆರಾಮಾಗಿ ಕೂತ್ಕೊಳ್ಳಿ" ಎಂದೆ. "ಅಳತೆ ಸರಿಯಾಗಿದ್ರೆ ಯಾರ ಕೈಯಾದ್ರೂ ನಡೆಯುತ್ತೆ."

ಅವರು ತಕ್ಕಡಿಯನ್ನು ನೋಡಿದರು. ನನ್ನನ್ನು ನೋಡಿದರು. "ಸಾವಿತ್ರೀ, ನಿನ್ ಗಂಡ ಮುದ್ದೆ ಮಾರಕ್ ಬಂದವ್ನೇನೇ?" ಎಂದು ಕೇಳಿ, ಕೋಲನ್ನು ಗೋಡೆಗೊರಗಿಸಿ, ಎಲೆಅಡಿಕೆ ತಟ್ಟೆ ಹಿಡಿದು ಜಗುಲಿಗೆ ಹೋಗಿ ಕುಳಿತುಬಿಟ್ಟರು.

ಮುದ್ದೆ ಕಟ್ಟಲು ಮನೆಯ ನಾಲ್ವರು ಸೊಸೆಯಂದಿರನ್ನು ನೇಮಿಸಿದೆ. ಒಬ್ಬೊಬ್ಬರ ಅಂಗೈ ಒಂದೊಂದು ಅಳತೆ ಎಂಬುದು ನನ್ನ ಗಮನಕ್ಕೆ ಬರಲಿಲ್ಲ. ನಲವತ್ತು ನಲವತ್ತರಂತೆ ಮೂರು ಕುಕ್ಕೆಗಳು ತುಂಬಿದವು. ಪ್ರತಿ ಕುಕ್ಕೆಯಿಂದ ಐದು ಮುದ್ದೆ ತೆಗೆದು ತೂಗಿ, ಸರಾಸರಿ ತೆಗೆದು, ಒಂದೊಂದರ ವ್ಯತ್ಯಾಸ ಬರೆದು ಕೂಡಿಸಿದೆ. ಮೊದಲ ಕುಕ್ಕೆ ಸೊನ್ನೆ. ಎರಡನೆಯದು ಸೊನ್ನೆ. ಮೂರನೆಯದರಲ್ಲಿ ನಾನೂರು, ಮುನ್ನೂರರವತ್ತು, ಮುನ್ನೂರು, ಇನ್ನೂರನಲವತ್ತು, ಇನ್ನೂರು. ಸರಾಸರಿ ಮುನ್ನೂರು. ಪ್ಲಸ್ ನೂರು, ಪ್ಲಸ್ ಅರವತ್ತು, ಸೊನ್ನೆ, ಮೈನಸ್ ಅರವತ್ತು, ಮೈನಸ್ ನೂರು. ಒಟ್ಟು ಸೊನ್ನೆ! ಮೂರಕ್ಕೆ ಮೂರೂ ಸೊನ್ನೆ ಬರುವುದು ಕಾರ್ಖಾನೆಯಲ್ಲಾದರೆ ಬಡ್ತಿ ಸಿಗುವ ವಿಷಯ. ಮೂರಕ್ಕೂ ಹಸಿರು ಚೀಟಿ ಕಟ್ಟಿದೆ.

ಸಾವಿತ್ರಿ ಮೂರನೆಯ ಕುಕ್ಕೆಯ ಬಟ್ಟೆ ಎತ್ತಿ ನೋಡಿ, "ರೀ, ಅತ್ತೆ ಒಂದ್ಸಲ ಕೈಯಾಡಿಸ್ಲಿ. ಇನ್ನೂ ಬಿಸಿ ಇದೆ" ಎಂದಳು.

"ಪಾಸಾದ ಮಾಲನ್ನ ಯಾರೂ ಮುಟ್ಟೋ ಹಾಗಿಲ್ಲ."

"ಅದು ಮಾಲಲ್ಲ ರೀ, ಊಟ."

ನಾನು ಕುಕ್ಕೆಗೆ ಅಡ್ಡ ನಿಂತೆ. ಅಷ್ಟರಲ್ಲಿ ಪಂಕ್ತಿ ಕೂತಿತು. ಸಾಲಿನ ತಲೆಯಲ್ಲಿ ಬೀಗರು ತಿಮ್ಮೇಗೌಡರು, ಬಿಳಿ ಅಂಗಿ, ಕನ್ನಡಕ. ಅವರ ಪಕ್ಕದಲ್ಲಿ, ನನ್ನ ಗ್ರಹಚಾರಕ್ಕೆ, ಲಗ್ಗೆರೆಯ ದೊಡ್ಡಪ್ಪ. ಬಡಿಸಲು ಮೊದಲು ಎತ್ತಿಕೊಂಡದ್ದು ಮೂರನೆಯ ಕುಕ್ಕೆ. ಮೊದಲ ಮುದ್ದೆ ತಿಮ್ಮೇಗೌಡರ ಎಲೆಯ ಮೇಲೆ ಬಿತ್ತು: ಇನ್ನೂರು ಗ್ರಾಮಿನದು. ಎರಡನೆಯದು ದೊಡ್ಡಪ್ಪನ ಎಲೆಯ ಮೇಲೆ: ನಾನೂರು. ನಾನು ತೂಗುತ್ತಾ ಕೂಡಿಸುತ್ತಾ ಕಳೆದ ಹೊತ್ತಿನಲ್ಲಿ ಮುದ್ದೆಗಳು ಬಿರುಸಾಗಿದ್ದವು. ಎಲೆಯ ಮೇಲೆ ಬಿದ್ದಾಗ ಸದ್ದು ಕೇಳಿಸಿತು.

ದೊಡ್ಡಪ್ಪನ ಮುಖ ಅರಳಿತು. ಹನ್ನೊಂದು ವರ್ಷದ ಮೇಲೆ ನ್ಯಾಯ ಸಿಕ್ಕಿದ ಸಂತೋಷದಲ್ಲಿ ಪಕ್ಕಕ್ಕೆ ತಿರುಗಿ, "ಈ ಮನೇಲಿ ಮುದ್ದೆ ಸಣ್ಣದು ಅಂತ ಜನ ಸುಮ್ನೆ ಹೇಳ್ತಾರೆ ಸ್ವಾಮಿ. ನೋಡಿ ಎಷ್ಟು ದೊಡ್ಡದು" ಎಂದು ತೋರಿಸಿದರು.

ತಿಮ್ಮೇಗೌಡರು ನೋಡಿದರು. ತಮ್ಮ ಎಲೆಯನ್ನೂ ನೋಡಿದರು. ಆಮೇಲೆ ಎದ್ದು ನಿಂತರು. ಅವರ ಕಡೆಯ ಅರವತ್ತು ಜನ ಎಲೆಯ ಕಡೆ ಹೋಗಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

ಮಾವ ಕೈ ಮುಗಿದುಕೊಂಡು ಓಡಿ ಬಂದರು. "ಬೀಗರೇ, ಕೂತ್ಕೊಳ್ಳಿ, ಏನೋ ತಪ್ಪಾಗೈತೆ." ಬಾಗಿಲ ಸಂದಿಯಲ್ಲಿ ಲಲಿತಾ ಅಕ್ಕನ ತೋಳು ಹಿಡಿದುಕೊಂಡು ನಿಂತಿದ್ದಳು. ಸಾವಿತ್ರಿ ನನ್ನನ್ನು ನೋಡಿದಳು. ಬೈದಿದ್ದರೆ ತಡೆಯಬಹುದಿತ್ತು. ಅವಳ ಕಣ್ಣಲ್ಲಿ ನೀರಿತ್ತು.

ಇಂಥ ಗಳಿಗೆಯಲ್ಲಿ ಬುದ್ಧಿವಂತ ಬಾಯಿ ಮುಚ್ಚಿಕೊಳ್ಳುತ್ತಾನೆ. ನಾನು ನೋಟ್‌ಬುಕ್ಕು ಹಿಡಿದು ಮುಂದೆ ಬಂದೆ.

"ತಪ್ಪೇನೂ ಆಗಿಲ್ಲ ಸಾರ್. ವ್ಯತ್ಯಾಸ ಸೊನ್ನೆ. ಬೇಕಾದ್ರೆ ಲೆಕ್ಕ ನೋಡಿ. ನಿಮ್ಮ ಎಲೇಲಿ ನೂರು ಗ್ರಾಂ ಕಡಿಮೆ ಇದ್ರೆ ನಮ್ಮ ದೊಡ್ಡಪ್ಪನ ಎಲೇಲಿ ನೂರು ಜಾಸ್ತಿ ಇದೆ. ಒಟ್ಟಿನಲ್ಲಿ ಸರಿಹೋಯ್ತು."

"ನನ್ನ ಊಟ ಅವರು ಮಾಡಿದ್ರೆ ಒಟ್ಟಿನಲ್ಲಿ ಸರಿಹೋಗುತ್ತೆ ಅಂತೀರಾ?" ಎಂದರು ತಿಮ್ಮೇಗೌಡರು. "ಕೊಡಿ ಇಲ್ಲಿ ಪುಸ್ತಕ."

ಕೊಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಪುಟ ನೋಡಿದರು. ಹಿಂದಿನ ಪುಟ ನೋಡಿದರು. ಮುಖದಲ್ಲಿದ್ದ ಬೀಗರ ಕೋಪ ನಿಧಾನವಾಗಿ ಇಳಿದು ಬೇರೇನೋ ಬಂತು.

"ಎಲ್ಲೀವರೆಗೆ ಓದಿದೀರಿ?"

"ಪಿಯುಸಿ ಸಾರ್."

"ಯಾರು ಪಾಸು ಮಾಡಿದ್ದು?"

ಅವರು ಮೇಷ್ಟ್ರು ಎಂದಷ್ಟೇ ಮಾವ ಹೇಳಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದರು ಎಂದು ಯಾರೂ ಹೇಳಿರಲಿಲ್ಲ.

"ಒಂದು ಆನೆ, ನಾಲ್ಕು ಇರುವೆ ತೂಕ ಮಾಡಿ ಸರಾಸರಿ ತೆಗೀರಿ. ಒಂದೊಂದರ ವ್ಯತ್ಯಾಸ ಹೀಗೇ ಕೂಡ್ಸಿ. ಎಷ್ಟು ಬರುತ್ತೆ?"

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. "ಸೊನ್ನೆ ಸಾರ್."

"ಆನೆ, ಇರುವೆ ಒಂದೇ ಗಾತ್ರಾನಾ?"

"ಅಲ್ಲ ಸಾರ್." ಯಾವಾಗಲೋ ಗೊತ್ತಿಲ್ಲ, ನಾನು ಕೈಕಟ್ಟಿ ನಿಂತಿದ್ದೆ.

"ಸರಾಸರಿಯಿಂದ ತೆಗೆದ ವ್ಯತ್ಯಾಸ ಕೂಡಿದ್ರೆ ಯಾವಾಗ್ಲೂ ಸೊನ್ನೆನೇ ಬರೋದು. ಪ್ಲಸ್ಸು ಮೈನಸ್ಸನ್ನ ತಿಂದು ಹಾಕುತ್ತೆ. ಅದಕ್ಕೇ ಮೊದಲು ಒಂದೊಂದನ್ನೂ ವರ್ಗ ಮಾಡ್ಬೇಕು. ಆಗ ಮೈನಸ್ಸು ಹೋಗುತ್ತೆ. ಆಮೇಲೆ ಕೂಡ್ಸಿ, ಐದರಿಂದ ಭಾಗಿಸಿ, ವರ್ಗಮೂಲ ತೆಗೀರಿ. ಹೂಂ, ಕೂತ್ಕೊಂಡು ಮಾಡಿ. ಇಲ್ಲೇ, ನನ್ನ ಮುಂದೆ."

ಹೇಳುತ್ತಾ ಹೇಳುತ್ತಾ ಅವರೂ ನನ್ನ ಎದುರಿಗೆ ಕುಳಿತುಬಿಟ್ಟರು! ಎಲೆ ಬಿಟ್ಟು ಎದ್ದಿದ್ದೇನೆ ಎಂಬುದು ಅವರಿಗೆ ಮರೆತೇಹೋಗಿತ್ತು. ನಿವೃತ್ತಿಯಾದ ಮೇಲೆ ಯಾರೂ ಅವರಿಗೆ ಒಂದು ತಪ್ಪು ಲೆಕ್ಕ ತೋರಿಸಿರಲಿಲ್ಲವಂತೆ. ನಾನು ಇಡೀ ಪುಸ್ತಕ ತಂದಿದ್ದೆ.

ಅವರು ಕೂತದ್ದೇ ತಡ, ಜಗುಲಿಯಿಂದ ಚಿಕ್ಕತಾಯಮ್ಮನವರು ಎದ್ದು ಬಂದರು. ಸಾವಿತ್ರಿ ಆಗಲೇ ಹೊಸದಾಗಿ ಎಸರಿಗೆ ಹಿಟ್ಟು ಹಾಕಿದ್ದಳು. ಹಸಿರು ಚೀಟಿಯ ಕುಕ್ಕೆಗಳು ಹಟ್ಟಿಯ ಕಡೆ ಹೋದವು. ಎಮ್ಮೆಗಳು ತಾರತಮ್ಯ ನೋಡದೆ ತಿಂದವಂತೆ. ಅಷ್ಟು ಹೊತ್ತೂ ನಾನು ಪಂಕ್ತಿಯ ಮುಂದೆ ಚಕ್ಕಳಮಕ್ಕಳ ಹಾಕಿಕೊಂಡು ಲೆಕ್ಕ ಮಾಡಿದೆ. ಎರಡು ಸಲ ವರ್ಗ ತಪ್ಪು ಮಾಡಿದೆ. ಒಂದು ಸಲ ಭಾಗಿಸುವುದನ್ನೇ ಮರೆತೆ. ಬೀಗರ ಕಡೆಯ ಅರವತ್ತು ಜನ ಇಣುಕಿ ನೋಡುತ್ತಿದ್ದರು. ಯಾರಿಗೂ ಹಸಿವಿನ ನೆನಪಿದ್ದಂತೆ ಕಾಣಲಿಲ್ಲ.

"ಎಪ್ಪತ್ತಮೂರು ಮುಕ್ಕಾಲು ಗ್ರಾಂ ಸಾರ್" ಎಂದೆ ಕೊನೆಗೆ.

"ಇದೇ ನಿಮ್ಮ ಸೊನ್ನೆ" ಎಂದರು.

ಅಷ್ಟರಲ್ಲಿ ಚಿಕ್ಕತಾಯಮ್ಮನವರು ಎಲೆಯ ಮುಂದೆಯೇ ನಿಂತು, ಹೊಗೆಯಾಡುವ ಹಿಟ್ಟನ್ನು ಒದ್ದೆ ಕೈಯಲ್ಲಿ ಕಟ್ಟಿ ಕಟ್ಟಿ ಬಡಿಸಲು ಶುರುಮಾಡಿದ್ದರು. ತಿಮ್ಮೇಗೌಡರಿಗೆ ಕುತೂಹಲವಾಯಿತು. "ಐದು ತೂಗಿ" ಎಂದು ಅಪ್ಪಣೆ ಮಾಡಿದರು. ತೂಗಿದೆ. ಮುನ್ನೂರು, ಮುನ್ನೂರೈದು, ಇನ್ನೂರತೊಂಬತ್ತೈದು, ಮುನ್ನೂರು, ಮುನ್ನೂರು. ವರ್ಗ ಮಾಡಿ, ಕೂಡಿಸಿ, ಭಾಗಿಸಿ, ಮೂಲ ತೆಗೆದೆ. ಮೂರು ಗ್ರಾಂ ಚಿಲ್ಲರೆ ಬಂತು. ಮೇಷ್ಟ್ರು ಎದ್ದು ನಿಂತು ಚಿಕ್ಕತಾಯಮ್ಮನವರಿಗೆ ಕೈ ಮುಗಿದರು. "ನಿಮ್ಮ ಮನೆ ಹುಡುಗೀನ ತಂದ್ಕೊಂಡಿದ್ದು ನಮ್ಮ ಪುಣ್ಯ ತಾಯಿ" ಎಂದರು. ಬಾಗಿಲ ಸಂದಿಯಲ್ಲಿ ಲಲಿತಾ ಅಕ್ಕನ ತೋಳು ಬಿಟ್ಟಳು.

ದೊಡ್ಡಪ್ಪನಿಗೆ ಮಾತ್ರ ಅಸಮಾಧಾನ. ಅವರ ನಾನೂರು ಗ್ರಾಮಿನ ಮುದ್ದೆಯನ್ನು ಎತ್ತಿಕೊಂಡು ಹೋಗಿ ಮುನ್ನೂರರದ್ದು ಹಾಕಿದ್ದರು.

ಅಂದಿನಿಂದ ನಾಯಂಡಹಳ್ಳಿಯಲ್ಲಿ ನನ್ನ ಹೆಸರು ಸೊನ್ನೆ ಅಳಿಯಂದ್ರು. ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಾರ್ಖಾನೆಗೆ ಹೋಗಿ ಗಾಜಿನ ಪೆಟ್ಟಿಗೆಯಿಂದ ನನ್ನ ಚಾರ್ಟನ್ನು ನಾನೇ ತೆಗೆದೆ. ಮ್ಯಾನೇಜರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ಮೇಷ್ಟ್ರ ವಿಳಾಸ ಕೇಳಿ ಬರೆದುಕೊಂಡರು.

ಮುಂದಿನ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತಾಗ ನೋಟ್‌ಬುಕ್ಕು ಕೈಗೆ ಸಿಕ್ಕಿತು. ತಾಲೀಮಿನ ದಿನದ ಐದು ಮುದ್ದೆಗಳನ್ನು ವರ್ಗ ಮಾಡಿ ನೋಡಿದೆ. ಅರವತ್ತೊಂಬತ್ತಕ್ಕೆ ಬಂತು. ನಮ್ಮ ಮನೆಯ ಐದು ತಟ್ಟೆಗಳು ಅಷ್ಟು ಚೆದುರಿದ್ದವು. ಅದರಲ್ಲಿ ಬಹುಪಾಲನ್ನು ಒಂದೇ ಒಂದು ತಟ್ಟೆ ಮಾಡಿಟ್ಟಿತ್ತು. ಹನ್ನೊಂದು ವರ್ಷ ಅದು ನನ್ನ ಪ್ಲಸ್ ಎಪ್ಪತ್ತಿನ ಪಕ್ಕದಲ್ಲೇ ಕೂತಿತ್ತು.

ಸಾವಿತ್ರಿ ಐದು ತಟ್ಟೆ ತಂದಿಟ್ಟಳು. ನಾನು ನನ್ನ ತಟ್ಟೆಯನ್ನು ಅವಳ ಕಡೆ ತಳ್ಳಿ, ಅವಳದನ್ನು ಈ ಕಡೆ ಎಳೆದುಕೊಂಡೆ.

"ಇದೇನ್ರೀ ಇದು? ನನಗಷ್ಟೊಂದು ಬೇಡ."

"ತಿನ್ನು, ನೋಡೋಣ."

ಬೇಡ ಬೇಡ ಎನ್ನುತ್ತಲೇ ಕೂತಳು. ಮುರಿದು, ಸಾರಿನಲ್ಲಿ ಅದ್ದಿ, ನಿಧಾನವಾಗಿ ತಿಂದಳು. ಅರ್ಧ ಮಿಗಿಸುತ್ತಾಳೆ, ಅದು ನನಗೇ ವಾಪಸ್ಸು ಬರುತ್ತದೆ ಎಂದು ಒಳಗೊಳಗೇ ಕಾಯುತ್ತಿದ್ದೆ. ಮಿಗಿಸಲಿಲ್ಲ. ತಟ್ಟೆ ಬರಿದು ಮಾಡಿ, ಬೆರಳಿನಿಂದ ಸಾರನ್ನೂ ಸವರಿಕೊಂಡು, "ಇನ್ನೊಂದು ಚೂರು ಇದ್ದಿದ್ರೂ ಹೋಗ್ತಿತ್ತು ಅಲ್ವಾ" ಎಂದು ತನಗೆ ತಾನೇ ಹೇಳಿಕೊಂಡು ಎದ್ದಳು.

ನಾನು ನೂರೈವತ್ತು ಗ್ರಾಂ ತಿಂದು ಕೈ ತೊಳೆದೆ. ಮೂರು ಗಂಟೆಗೆಲ್ಲ ಹೊಟ್ಟೆ ಚುರುಗುಟ್ಟಲು ಶುರುವಾಯಿತು. ಮೈನಸ್ ನೂರಮೂವತ್ತು ಅಂದರೆ ಎಷ್ಟು ಎಂಬುದು ನನಗೆ ಆಗ ಗೊತ್ತಾಯಿತು.